ಸಲ್ವಾದ ಮನೆಗೆ ಬಂದ ವೆರ್ಲಾ

ಕುವೈತಿನಲ್ಲಿ ಮಳೆ ಬಂದರೆ ಊರು ನಿಂತುಹೋಗುತ್ತದೆ. ಆ ಶುಕ್ರವಾರ ಊಟದ ಹೊತ್ತಿಗೆ ಹನಿಯಲು ತೊಡಗಿದ್ದು ನಾಲ್ಕು ಗಂಟೆಯಾಗುವಾಗ ಜಡಿಮಳೆಯಾಯಿತು. ಫಹಾಹೀಲ್ ಕಡೆಗೆ ಹೋಗುವ ರಸ್ತೆಯ ಅಂಡರ್‌ಪಾಸಿನಲ್ಲಿ ಕಾರುಗಳು ಕಿಟಕಿಯವರೆಗೆ ಮುಳುಗಿ ನಿಂತ ವಿಡಿಯೋಗಳು ಎಲ್ಲರ ಮೊಬೈಲಿಗೂ ಬಂದವು. ಫಿಂಟಾಸಿನಲ್ಲಿರುವ ಲತೀಶನ ಫ್ಲ್ಯಾಟಿಗೆ ಊಟಕ್ಕೆ ಬಂದವರು ಹೊರಡುವ ಮಾತು ಬಿಟ್ಟು ಮತ್ತೆ ಚಾಪೆಯ ಮೇಲೆ ಕೂತರು. ಬಂದವರು ಮೂರೇ ಮಂದಿ: ಫಹಾಹೀಲಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಉಪ್ಪಿನಂಗಡಿಯ ಝಹೀರ್, ಅವನ ಹೆಂಡತಿ ಸಹಲಾ, ಮತ್ತೆ ಲತೀಶನ ಸೋದರಮಾವ ಮೋನಪ್ಪನವರು. ಮೋನಪ್ಪನವರಿಗೆ ಅರವತ್ತೇಳು ವರ್ಷ. ಅದರಲ್ಲಿ ಮೂವತ್ತಾರನ್ನು ಒಂದು ಶಾಲೆಯ ಬಸ್ಸು ಓಡಿಸುತ್ತ ಇಲ್ಲೇ ಕಳೆದವರು.

ಲತೀಶನ ಹೆಂಡತಿ ಶರಣ್ಯಾ ನೀರುಳ್ಳಿ ಬಜೆ ಕಾಯಿಸಿ ತಂದಿಟ್ಟಳು. ಮಳೆಯ ಸದ್ದಿಗೆ ಮಾತು ತಾನಾಗಿ ದೆವ್ವಗಳ ಕಡೆಗೆ ತಿರುಗಿತು.

"ಊರಲ್ಲಾದರೆ ಪಾಳುಬಾವಿ ಉಂಟು, ಹುಣಸೆಮರ ಉಂಟು. ಇಲ್ಲಿ ದೆವ್ವ ಕೂರುವುದೆಲ್ಲಿ ಮೋನಪ್ಪಣ್ಣ?" ಎಂದು ಝಹೀರ್ ನಕ್ಕ. "ವಾಸದ ಇಕಾಮಾ ಕಾರ್ಡು ಇಲ್ಲದೆ ನೊಣವನ್ನೂ ಒಳಗೆ ಬಿಡದ ದೇಶ ಇದು."

ಮೋನಪ್ಪನವರು ನಗಲಿಲ್ಲ. ಬಜೆಯನ್ನು ಬಟ್ಟಲಲ್ಲಿ ಹಾಗೆಯೇ ಇಟ್ಟು ಕೈ ಒರೆಸಿಕೊಂಡರು.

"ಅವಕ್ಕೆ ಕೂರುವ ಜಾಗ ಬೇಡ ಝಹೀರಾ. ಕರೆಯುವವರು ಇದ್ದರೆ ಸಾಕು."

"ಅಜ್ಜ, ಈಸ್ ದಿಸ್ ಎ ಟ್ರೂ ಸ್ಟೋರಿ?" ಎಂದು ಲತೀಶನ ಮಗಳು, ಹತ್ತು ವರ್ಷದ ಅಕ್ಷಯಾ ತಾಯಿಯ ಮಗ್ಗುಲಿಗೆ ಸರಿದಳು. ಮೋನಪ್ಪನವರು ಮಳೆಗಿಂತ ಮೇಲೆ ಕೇಳಿಸುವಷ್ಟು ದನಿ ಎತ್ತಿ ಶುರುಮಾಡಿದರು.

ಕೇಳಿ... ಇದು ನನ್ನ ಕತೆಯಲ್ಲ, ಅಪ್ಪಿಯದ್ದು. ಅಪ್ಪಿ ಅಂದರೆ ನನ್ನ ಹೆಂಡತಿ. ಸಹಲಾ, ನೀನು ಅವಳನ್ನು ಕಂಡಿರಲಿಕ್ಕಿಲ್ಲ, ನೀನು ಬರುವ ಮೊದಲೇ ಊರಿಗೆ ಹೋದಳು. ಅಪ್ಪಿ ಸುಲಭಕ್ಕೆ ಹೆದರುವವಳಲ್ಲ. ಕೋಣೆಯಲ್ಲಿ ಗ್ಯಾಸಿಗೆ ಬೆಂಕಿ ಹತ್ತಿಕೊಂಡ ದಿವಸ ನಾನು ಹೊರಗೆ ಓಡಿದ್ದೆ, ಅವಳು ಒಳಗೆ ಓಡಿದ್ದಳು. ಅಂಥವಳ ಬಾಯಿಯಿಂದ ಬಂದದ್ದನ್ನೇ ಹೇಳುತ್ತೇನೆ, ನನ್ನದು ಏನೂ ಸೇರಿಸುವುದಿಲ್ಲ.

ಕೊರೊನಾದ ಸಮಯ. ಅಪ್ಪಿ ಸಲ್ವಾದಲ್ಲಿ ಒಬ್ಬರು ಅಮೆರಿಕದ ಟೀಚರ ಮನೆಕೆಲಸಕ್ಕೆ ಹೋಗುತ್ತಿದ್ದಳು. ಡೆಬ್ರಾ ಮೇಡಂ ಅಂತ ಹೆಸರು. ನಮ್ಮ ಶಾಲೆಯವರೇ, ನನ್ನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಬರುವವರು. ಅರವತ್ತರ ಹತ್ತಿರದ ಹೆಂಗಸು, ಮಕ್ಕಳಿಲ್ಲ, ಗಂಡನನ್ನು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಅವರ ಊರು ನೆಬ್ರಾಸ್ಕಾ. ಅಲ್ಲಿ ಸಮುದ್ರ ಇಲ್ಲ, ಗುಡ್ಡ ಇಲ್ಲ, ಕಣ್ಣು ಹಾಯುವಷ್ಟು ದೂರ ಜೋಳದ ಗದ್ದೆಯೇ ಅಂತೆ. ಆ ಗದ್ದೆಗಳ ನಡುವಿನ ಒಂದು ಮರದ ಮನೆಯಲ್ಲಿ ಅವರ ತಾಯಿ ಇದ್ದದ್ದು. ಹಂದಿ ಸಾಕಿ, ಹಸು ಕರೆದು, ಬೇಸಿಗೆಯಲ್ಲಿ ಬೀನ್ಸು ಬೇಯಿಸಿ ಚಳಿಗಾಲಕ್ಕೆ ಬಾಟಲಿಗಳಲ್ಲಿ ತುಂಬಿಸಿಟ್ಟು, ಐದು ಮಕ್ಕಳನ್ನು ಸಾಕಿ, ಆದಿತ್ಯವಾರ ಇಗರ್ಜಿಗೆ ಹೋಗಿ ಬರುವ ಸಾದಾ ಹೆಂಗಸು. ಹೆಸರು ವೆರ್ಲಾ. ವೆರ್ಲಾ ಮೇ.

ಆ ತಾಯಿ ತೀರಿಹೋದಾಗ ಇಲ್ಲಿ ಏರ್‌ಪೋರ್ಟಿನ ತೊಂದರೆ. ಹೋದರೆ ವಾಪಸು ಬರಲಿಕ್ಕೆ ಬಿಡುವುದಿಲ್ಲ. ಡೆಬ್ರಾ ಮೇಡಂ ಹೆತ್ತ ತಾಯಿಯ ಪೆಟ್ಟಿಗೆ ಮಣ್ಣಿಗೆ ಇಳಿಯುವುದನ್ನು ಮೊಬೈಲಿನಲ್ಲಿ ನೋಡಿದರು. ಆ ದಿವಸ ಅಪ್ಪಿ ಅವರ ಪಕ್ಕದಲ್ಲೇ ನಿಂತಿದ್ದಳು. ಮೇಡಂ ಅಳಲಿಲ್ಲವಂತೆ. ಒಂದೇ ಮಾತು ಹೇಳಿದರು: "ನನ್ನ ಅಮ್ಮ ಯಾರೂಂತ ನನಗೆ ಗೊತ್ತೇ ಇಲ್ಲ ಅಪ್ಪಿ. ಎಂಬತ್ತೇಳು ವರ್ಷ ಬದುಕಿದಳು, ಚಿಕ್ಕಂದಿನ ಒಂದು ವಿಷಯವನ್ನೂ ಹೇಳಲಿಲ್ಲ."

ಆಮೇಲಿನ ಬೇಸಿಗೆ ರಜೆಯಲ್ಲಿ ದಾರಿ ತೆರೆಯಿತು. ಊರಿಗೆ ಹೋದರು, ಬರುವಾಗ ಒಂದು ಪೆಟ್ಟಿಗೆ ತುಂಬ ಹಳೆಯ ಕಾಗದ ತಂದರು. ಅಲ್ಲಿಂದ ಹಿಡಿದುಕೊಂಡಿತು ನೋಡಿ, ಅಮ್ಮನ ವಂಶ ಹುಡುಕುವ ಹುಚ್ಚು. ಶಾಲೆ ಬಿಟ್ಟು ಬಂದವರು ಲ್ಯಾಪ್‌ಟಾಪಿನ ಮುಂದೆ ಕೂತರೆ ಊಟ ಬೇಡ, ನಿದ್ದೆ ಬೇಡ. ಅಮೆರಿಕದಲ್ಲಿ ಇದಕ್ಕೆಲ್ಲ ದಾಖಲೆ ಉಂಟಂತೆ, ಯಾವ ವರ್ಷ ಯಾರ ಮನೆಯಲ್ಲಿ ಎಷ್ಟು ಜನ, ಯಾರು ಯಾವ ಹಡಗಿನಲ್ಲಿ ಬಂದರು... ಎಲ್ಲ ಸಿಗುತ್ತದೆ. ಸಿಕ್ಕಿದ್ದನ್ನೆಲ್ಲ ಪ್ರಿಂಟು ತೆಗೆದು ಊಟದ ಕೋಣೆಯ ಗೋಡೆಗೆ ಅಂಟಿಸಿದರು. ಮೇಲೆ ಅಜ್ಜನ ಅಜ್ಜಂದಿರು, ಕೆಳಗೆ ಕೆಳಗೆ ಬಂದು, ನಡುವಿನಲ್ಲಿ ತಾಯಿಯ ಫೋಟೋ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ದಪ್ಪ ಹೆಂಗಸು. ಅದರಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರು.

ಶುಕ್ರವಾರ ಸಾಯಂಕಾಲ ನಾಲ್ಕಕ್ಕೆ ಅಮೆರಿಕದ ಅಣ್ಣತಮ್ಮಂದಿರಿಗೆ ವಿಡಿಯೋ ಕಾಲ್ ಮಾಡಿ, ಆ ವಾರ ಸಿಕ್ಕಿದ ಹೆಸರುಗಳನ್ನು ಗೋಡೆಯ ಮುಂದೆ ನಿಂತು ಗಟ್ಟಿಯಾಗಿ ಓದುತ್ತಿದ್ದರು. ಒಂದು ಶುಕ್ರವಾರ ಹಾಗೆ ಓದುತ್ತಾ ಓದುತ್ತಾ "ವೆರ್ಲಾ ಮೇ" ಅಂದರು.

ಬೆಡ್‌ರೂಮಿನ ಒಳಗಿಂದ "ಹಾಂ" ಅಂತ ಕೇಳಿಸಿತು.

ಅಪ್ಪಿ ಅಡುಗೆಮನೆಯಲ್ಲಿದ್ದವಳು. ಯಾರೋ ನೆಂಟರು ಬಂದಿದ್ದಾರೆ ಅಂತಲೇ ಎಣಿಸಿದಳು, ವಯಸ್ಸಾದ ಹೆಂಗಸಿನ ದನಿ. ಕಾಲ್ ಮುಗಿದ ಮೇಲೆ ಎರಡು ಲೋಟ ಚಹ ತಂದಿಟ್ಟಳು. "ಎರಡು ಯಾಕೆ?" ಅಂತ ಮೇಡಂ ಕೇಳಿದರು. "ಒಳಗೆ ಇರುವವರಿಗೆ." ಇಬ್ಬರೂ ಹೋಗಿ ನೋಡಿದರು. ಯಾರಿದ್ದಾರೆ ಅಲ್ಲಿ? ಕಿಟಕಿ ಮುಚ್ಚಿದೆ, ಎ.ಸಿ. ಓಡುತ್ತಾ ಉಂಟು. ಆದರೆ ಅಪ್ಪಿ ಬೆಳಿಗ್ಗೆ ಸುಕ್ಕಿಲ್ಲದೆ ಹಾಸಿದ್ದ ಹಾಸಿಗೆಯ ಅಂಚಿನಲ್ಲಿ, ಒಬ್ಬರು ಕೂತು ಎದ್ದಷ್ಟು ತಗ್ಗು.

ಅದೇ ತಿಂಗಳು ಮೇಡಮ್ಮಿಗೆ ಒಂದು ಫೋಟೋ ಸಿಕ್ಕಿತು. ಊರೂರು ಸುತ್ತಿ ಹಳೆಯ ಸಮಾಧಿಗಳ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕುವ ಜನ ಅಲ್ಲಿ ಇದ್ದಾರಂತೆ. ಅಂಥವರು ಯಾರೋ ಹಾಕಿದ್ದು. ಹುಲ್ಲಿನಲ್ಲಿ ಅರ್ಧ ಹುಗಿದ ಸಣ್ಣ ಕಲ್ಲು. ಕಲ್ಲಿನ ಮೇಲೆ ಏನು ಬರೆದಿತ್ತು ಗೊತ್ತುಂಟಾ? ವೆರ್ಲಾ ಮೇ. ಅದೇ ಅಪ್ಪ, ಅದೇ ಅಮ್ಮ, ಹುಟ್ಟಿದ ದಿನವೂ ಅದೇ. ಸತ್ತದ್ದು ನಾಲ್ಕನೆಯ ವರ್ಷಕ್ಕೆ.

ಮೇಡಂ ಆ ಊರಿನ ಇಗರ್ಜಿಗೆ ಪತ್ರ ಬರೆದರು. ಅಲ್ಲಿನ ಹಳೆಯ ಪುಸ್ತಕ ನೋಡಿ ಒಬ್ಬರು ಉತ್ತರ ಬರೆದರು. ಆ ಮನೆಯ ಮಗು ಗಂಟಲಮಾರಿಯಲ್ಲಿ ತೀರಿಹೋಯಿತು. ತಾಯಿಗೆ ಬುದ್ಧಿ ಸ್ಥಿಮಿತ ಇಲ್ಲದ ಹಾಗಾಯಿತು. ಆರು ತಿಂಗಳಿಗೆ ಗಂಡ ಒಂದು ಅನಾಥಾಲಯದಿಂದ ಅದೇ ವಯಸ್ಸಿನ ಹುಡುಗಿಯನ್ನು ತಂದು ಹೆಂಡತಿಯ ಮಡಿಲಲ್ಲಿ ಕೂರಿಸಿದ. ಸತ್ತವಳ ಫ್ರಾಕು ಹಾಕಿದರು, ಸತ್ತವಳ ಮಂಚದಲ್ಲಿ ಮಲಗಿಸಿದರು, ಸತ್ತವಳ ಹೆಸರಿನಿಂದಲೇ ಕರೆದರು. ಆ ಹುಡುಗಿಗೆ ಮೊದಲು ಯಾವ ಹೆಸರಿತ್ತು ಅಂತ ಎಲ್ಲಿಯೂ ಬರೆದಿಲ್ಲ. ಆ ಅನಾಥಾಲಯ ಸುಟ್ಟುಹೋಗಿ ಎಷ್ಟೋ ಕಾಲ ಆಗಿದೆ. ಆ ಹುಡುಗಿಯೇ ಡೆಬ್ರಾ ಮೇಡಮ್ಮಿನ ತಾಯಿ.

ಗೋಡೆಯ ಮೇಲಿನ ಅಷ್ಟೂ ಅಜ್ಜಂದಿರು ಬೇರೆ ಯಾರದೋ ಅಜ್ಜಂದಿರು. ಒಂದು ಸಾದಾ ಹೆಂಗಸು, ಬಾಯಿ ಬಿಡದೆ ಅಷ್ಟು ವರ್ಷ ಬೇರೆಯವಳ ಹುಟ್ಟುಹಬ್ಬ ಮಾಡಿಕೊಂಡು ಬದುಕಿದಳು... ಅವಳು ಬಾಲ್ಯದ ಮಾತು ಎತ್ತುವುದಾದರೂ ಹೇಗೆ?

ಅಪ್ಪಿ ಹೇಳಿದಳು, "ಮೇಡಂ, ಆ ಹೆಸರನ್ನು ಗೋಡೆಯಿಂದ ತೆಗೆಯಿರಿ. ಅದರ ಯಜಮಾನಿ ಬೇರೆ ಇದ್ದಾಳೆ." ಮೇಡಮ್ಮಿಗೆ ಸಿಟ್ಟು ಬಂತು. "ಅದು ನನ್ನ ಅಮ್ಮನ ಹೆಸರು. ಅವಳಿಗೆ ಇದ್ದದ್ದು ಅದೊಂದೇ. ನಾನು ತೆಗೆಯುವುದಿಲ್ಲ."

ಅಪ್ಪಿಗೆ ಯಾಕೆ ಹೆದರಿಕೆಯಾಯಿತು ಅಂತ ಕೇಳಬೇಕು ನೀವು. ನಮ್ಮ ತುಳುವರಲ್ಲಿ ತೀರಿಹೋದವರನ್ನು ಕುಲೆ ಅನ್ನುವುದು. ಸತ್ತ ಮಗು ಮಗುವಾಗಿಯೇ ಉಳಿಯುವುದಿಲ್ಲ, ಅದೂ ಅಲ್ಲಿ ಬೆಳೆಯುತ್ತದೆ, ವಯಸ್ಸಿಗೆ ಬರುತ್ತದೆ. ಅಪ್ಪಿಯ ಅಕ್ಕ ಒಬ್ಬಳು ಮೂರು ತಿಂಗಳಿಗೆ ಹೋಗಿದ್ದಳು. ಇಪ್ಪತ್ತು ವರ್ಷ ಕಳೆದ ಮೇಲೆ, ಮನೆಯಲ್ಲಿ ಒಂದರ ಹಿಂದೆ ಒಂದು ಕಷ್ಟ ಬಂದಾಗ, ಆಟಿ ತಿಂಗಳಲ್ಲಿ ಅವಳಿಗೆ ಇನ್ನೊಂದು ಮನೆಯ ತೀರಿಹೋದ ಹುಡುಗನನ್ನು ನೋಡಿ ಮದುವೆ ಮಾಡಿದರು. ಸೀರೆ ಇಟ್ಟು, ಎಲೆ ಹಾಕಿ ಬಡಿಸಿ, ಹೆಸರು ಹಿಡಿದು ಕರೆದು, ಹೆಸರು ಹಿಡಿದು ಕಳಿಸಿದ್ದನ್ನು ಅಪ್ಪಿ ಕಣ್ಣಾರೆ ನೋಡಿದ್ದಾಳೆ. ಹಾಗಾಗಿ ಅವಳು ಲೆಕ್ಕ ಹಾಕಿದಳು. ನಾಲ್ಕು ವರ್ಷಕ್ಕೆ ಹೋದ ಆ ಹುಡುಗಿಗೆ ಈಗ ವಯಸ್ಸೆಷ್ಟು? ಅವಳಿಗೆ ಬಡಿಸಿದವರು ಯಾರು? ಅವಳನ್ನು ಬೆಳೆಸಿದವರು ಯಾರು?

ಕಂಡದ್ದು ಜನವರಿಯಲ್ಲಿ. ಬೆಳಿಗ್ಗೆ ಹನ್ನೊಂದು ಗಂಟೆ, ಒಳ್ಳೆ ಬಿಸಿಲು. ಮೇಡಂ ಶಾಲೆಯಲ್ಲಿದ್ದರು. ಅಪ್ಪಿ ನೆಲ ಒರೆಸುತ್ತಾ ಊಟದ ಕೋಣೆಗೆ ಬಂದಳು. ಮೇಜಿನ ಆಚೆ ಕುರ್ಚಿಯಲ್ಲಿ ಒಬ್ಬಳು ಮುದುಕಿ ಕೂತಿದ್ದಾಳೆ. ಬಿಳಿ ಕೂದಲು, ಮುಖ ತುಂಬ ಸುಕ್ಕು, ಎಂಬತ್ತರ ಮೇಲೆ. ಆದರೆ ಕೂತ ರೀತಿ... ಎರಡೂ ಕಾಲನ್ನು ಕುರ್ಚಿಯಡಿ ತೂಗಾಡಿಸುತ್ತಾ ಇದ್ದಾಳೆ. ಮೇಜಿನ ಮೇಲಿದ್ದ ಚಮಚವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಾಳೆ, ಸಣ್ಣ ಮಕ್ಕಳು ಹಿಡಿಯುವ ಹಾಗೆ. ಕೆಳತುಟಿಯನ್ನು ಮುಂದೆ ಚಾಚಿ ಗೋಡೆಯ ಫೋಟೋವನ್ನೇ ನೋಡುತ್ತಿದ್ದಾಳೆ. ದೇಹ ಮುದಿಯಾಗಿದೆ, ಆದರೆ ದೊಡ್ಡವರಾಗುವುದು ಹೇಗೆ ಅಂತ ಅವಳಿಗೆ ಯಾರೂ ಕಲಿಸಿಲ್ಲ. ಅಪ್ಪಿಯ ಕೈಯಿಂದ ಬಟ್ಟೆ ಬಿತ್ತು. ಬಗ್ಗಿ ಎತ್ತಿ ನೋಡುವಾಗ ಕುರ್ಚಿ ಖಾಲಿ.

ಮೇಡಮ್ಮಿಗೆ ಹೇಳಿದಳು. ಆಗ ಅವರ ಮುಖ ಅರಳಿದ್ದನ್ನು ನೆನೆದರೆ ಅಪ್ಪಿಗೆ ಈಗಲೂ ಕಣ್ಣೀರು ಬರುತ್ತದೆ. "ಬಿಳಿ ಕೂದಲಾ? ಅಮ್ಮನೇ ಅಪ್ಪಿ, ಅದು ಅಮ್ಮ." ತಾಯಿಯ ಮಣ್ಣಿಗೆ ಹೋಗಲಿಕ್ಕಾಗದ ಮಗಳು, ಬೇರೆ ಏನು ಎಣಿಸುವುದು? ಅಂದಿನಿಂದ ದಿನಾ ಕರೆಯಲಿಕ್ಕೆ ಶುರು. ವೆರ್ಲಾ ಮೇ, ಬಾ. ವೆರ್ಲಾ ಮೇ, ಕೂತುಕೋ. ಕರೆದರೆ ಬಾರದೆ ಇರುತ್ತದಾ?

ಒಂದು ದಿನ ಅಪ್ಪಿ ಹೋಗುವಾಗ ಮೇಡಮ್ಮಿನ ನರೆತ ಕೂದಲನ್ನು ಎರಡು ಜಡೆ ಮಾಡಿ ಕಟ್ಟಿತ್ತು, ನೆತ್ತಿಯ ಚರ್ಮ ಕೆಂಪಾಗುವಷ್ಟು ಬಿಗಿಯಾಗಿ. "ಅಮ್ಮ ಕಟ್ಟಿದ್ದು" ಅಂದರು. ಇನ್ನೊಂದು ದಿನ ಕುತ್ತಿಗೆಯವರೆಗೆ ಮೂರು ಹೊದಿಕೆ ಸುತ್ತಿಕೊಂಡು ಮಲಗಿದ್ದರು, ಕೈ ಹೊರಗೆ ತೆಗೆಯಲಿಕ್ಕಾಗದ ಹಾಗೆ. "ಅಮ್ಮ ಮಲಗಿಸಿದ್ದು." ಶಾಲೆಗೆ ರಜೆ ಹಾಕಿದರು. ಬಸ್ಸಿನ ಮುಂದಿನ ಸೀಟು ಖಾಲಿಯಾಯಿತು. ಮಾತು ಕಡಿಮೆಯಾಯಿತು, ತೂಕ ಇಳಿಯಿತು, ಕೆಮ್ಮು ಶುರುವಾಯಿತು. ಡಾಕ್ಟರಲ್ಲಿಗೆ ಹೋಗುವಾ ಅಂದರೆ ತಲೆ ಆಡಿಸಿ, ಬೆಡ್‌ರೂಮಿನ ಮೂಲೆಯ ಕಡೆ ನೋಡಿ, ಅಪ್ಪಣೆ ಕೇಳುವವರ ಹಾಗೆ ಸುಮ್ಮನಾಗುವರು. ಅಪ್ಪಿ ನನ್ನ ಹತ್ತಿರ ಬಂದು, "ಅದು ಅಮ್ಮನ ಪ್ರೀತಿ ಅಲ್ಲ ಇವರೇ, ಅದು ಆಟ" ಅಂದಳು. ನನಗೆ ಅರ್ಥವಾಗಲಿಲ್ಲ.

ಮೇ ತಿಂಗಳಲ್ಲಿ ಆ ದೊಡ್ಡ ಧೂಳು ಬಂತಲ್ಲ, ನೆನಪುಂಟಾ ಲತೀಶ? ಮಧ್ಯಾಹ್ನವೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಎದುರಿನ ಕಟ್ಟಡ ಕಾಣದೆ ಹೋದದ್ದು? ಆ ದಿವಸ. ಅಪ್ಪಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೇಗೋ ಸಲ್ವಾ ಮುಟ್ಟಿದಳು. ಅವಳ ಹತ್ತಿರ ಒಂದು ಕೀ ಇರುತ್ತಿತ್ತು, ಬಾಗಿಲು ತೆಗೆದಳು. ಒಳಗೆ ಒಂದು ಸಪ್ಪಳ, ಚಮಚ ಹಲ್ಲಿಗೆ ತಾಗುವ ಸಪ್ಪಳ... ಟಿಕ್... ಟಿಕ್... ಬೆಡ್‌ರೂಮಿನ ಬಾಗಿಲು ದೂಡಿದಳು.

ಮೇಡಂ ಅಂಗಾತ ಮಲಗಿದ್ದಾರೆ. ಹೊದಿಕೆ ಕುತ್ತಿಗೆಯವರೆಗೆ. ಮುದುಕಿ ಹಾಸಿಗೆಯ ಮೇಲೆ ಮೊಣಕಾಲೂರಿ ಕೂತಿದ್ದಾಳೆ. ಮುಷ್ಟಿಯಲ್ಲಿ ಚಮಚ. ಮಡಿಲಲ್ಲಿ ಒಂದು ಬಟ್ಟಲು. ಬಟ್ಟಲಿನಿಂದ ತೆಗೆದು ತೆಗೆದು ಮೇಡಮ್ಮಿನ ಬಾಯಿಗೆ ಹಾಕುತ್ತಿದ್ದಾಳೆ. ಏನನ್ನು? ಮಣ್ಣನ್ನು. ಸಣ್ಣ ಹುಡುಗಿಯರು ಅಂಗಳದಲ್ಲಿ ಕೂತು ಬೊಂಬೆಗೆ ಮಣ್ಣಿನ ಅನ್ನ ಉಣ್ಣಿಸುವುದಿಲ್ಲವಾ, ಹಾಗೆ.

ಅಪ್ಪಿ ಹಾರಿ ಮೇಡಮ್ಮಿನ ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಬಾಯಿಗೆ ಬೆರಳು ಹಾಕಿ ಮಣ್ಣು ತೆಗೆದಳು. ತೆಗೆದಷ್ಟೂ ಇತ್ತು. ಕಡೆಗೆ ಒಂದು ಉಸಿರು ಎಳೆದುಕೊಂಡರು. ಮುದುಕಿ ಹಾಸಿಗೆಯ ತುದಿಗೆ ಸರಿದು ಕೂತು, "ನನ್ನ ಪಾಪು. ಊಟವೇ ಮಾಡುವುದಿಲ್ಲ" ಅಂದಳು. ಅವಳು ಇಂಗ್ಲಿಷಿನಲ್ಲಿ ಅಂದಳೋ ತುಳುವಿನಲ್ಲಿ ಅಂದಳೋ, ಅಪ್ಪಿಗೆ ಇವತ್ತಿಗೂ ಹೇಳಲಿಕ್ಕೆ ಬರುವುದಿಲ್ಲ. ಅರ್ಥವಾಯಿತು, ಅಷ್ಟೇ.

"ಇವರು ನಿನ್ನ ಪಾಪು ಅಲ್ಲ" ಅಂದಳು ಅಪ್ಪಿ.

"ಇದು ವೆರ್ಲಾ ಮೇಯ ಮಗಳು. ಗೋಡೆಯಲ್ಲಿ ಬರೆದಿದೆ. ವೆರ್ಲಾ ಮೇ ನಾನು." ಬೆರಳು ಮಡಚಿ ಎಣಿಸಿದಳು. "ಐದು ಪಾಪು ಉಂಟು ನನಗೆ. ಇದು ಮಲಗಿದ ಮೇಲೆ ಉಳಿದ ನಾಲ್ಕನ್ನು ಮಲಗಿಸಬೇಕು."

ಅಪ್ಪಿ ಮುದುಕಿಯ ಮಡಿಲಿನಿಂದ ಮಣ್ಣಿನ ಬಟ್ಟಲನ್ನು ಎಳೆದುಕೊಂಡಳು. ಮಗುವಿನ ಎದುರು ದೊಡ್ಡವರು ಹೆದರಿದರೆ ಮಗು ಕೇಳುತ್ತದಾ? ಅವಳು ಎದ್ದು ಊಟದ ಕೋಣೆಗೆ ಹೋದಳು. ಗೋಡೆಯಿಂದ ಆ ತಾಯಿಯ ಫೋಟೋವನ್ನು ಕಿತ್ತು ತೆಗೆದಳು. ಹೆಸರಿನ ಚೀಟಿ ಮಾತ್ರ ಗೋಡೆಯಲ್ಲಿ ಉಳಿಯಿತು. ಅಡುಗೆಮನೆಯಲ್ಲಿ ಹಿಂದಿನ ದಿನದ ಅನ್ನ ಇತ್ತು. ಹಾಲು ಬಿಸಿ ಮಾಡಿ, ಅನ್ನಕ್ಕೆ ಹಾಕಿ, ಸಕ್ಕರೆ ಬೆರೆಸಿ, ಚೆನ್ನಾಗಿ ಕಿವುಚಿದಳು. ತನ್ನ ಮಕ್ಕಳಿಗೆ ನಾಲ್ಕು ವರ್ಷದಲ್ಲಿ ಹೇಗೆ ಕೊಡುತ್ತಿದ್ದಳೋ ಹಾಗೆ. ಬಟ್ಟಲನ್ನು ನೆಲದ ಮೇಲೆ, ಆ ಅಜ್ಜಂದಿರ ಹೆಸರುಗಳ ಅಡಿಯಲ್ಲಿ ಇಟ್ಟು ಕರೆದಳು.

"ವೆರ್ಲಾ, ಬಾ ಮಗಾ. ಉಣ್ಣು."

ಬಂದಳು. ಗೋಡೆ ಹಿಡಿದುಕೊಂಡು, ಮುದುಕಿಯ ಮೈಯನ್ನು ಎಳೆದುಕೊಂಡು, ಮಗುವಿನ ಹೆಜ್ಜೆ ಹಾಕುತ್ತಾ ಬಂದು ನೆಲದ ಮೇಲೆ ಕೂತಳು.

"ಈ ಹೆಸರು ನಿನ್ನದು. ಈ ಮೇಲಿನವರೆಲ್ಲ ನಿನ್ನವರು" ಅಂದಳು ಅಪ್ಪಿ. "ಉಂಡು, ಹೆಸರು ತೆಗೆದುಕೊಂಡು, ಇವರ ಹತ್ತಿರ ಹೋಗು. ಮಕ್ಕಳು ಮಾತ್ರ ಹೆತ್ತವಳಿಗೆ. ಅವರನ್ನು ಮುಟ್ಟಬಾರದು."

ಮುದುಕಿ ಅಪ್ಪಿಯ ಕೈಯಲ್ಲಿದ್ದ ಫೋಟೋ ನೋಡಿದಳು. "ಹಾಗಾದರೆ ಅವಳ ಹೆಸರು ಎಂತ?"

ಬೆಡ್‌ರೂಮಿನಿಂದ ಮೇಡಮ್ಮಿನ ಒಡೆದ ದನಿ ಬಂತು, "ಗೊತ್ತಿಲ್ಲ... ನನಗೆ ಗೊತ್ತಿಲ್ಲ." ಮುದುಕಿ ಕಾಯುತ್ತಾ ಇದ್ದಳು. ಬಟ್ಟಲು ಮುಟ್ಟಲಿಲ್ಲ. ಕಡೆಗೆ ಅಪ್ಪಿಯೇ ಹೇಳಿದಳು:

"ಅವಳಿಗೆ ಹೆಸರಿಲ್ಲ."

ಆಗ ಉಂಡಳು. ಮುಷ್ಟಿಯಲ್ಲಿ ಬಾಚಿ ಬಾಚಿ, ಎಂಬತ್ತು ವರ್ಷದ ಹಸಿವನ್ನು ಒಂದೇ ಸಲ ಉಂಡಳು. ಅಪ್ಪಿ ಇನ್ನೊಂದು ಸಲ ಹಾಲು ತರಲಿಕ್ಕೆ ತಿರುಗಿ ಬರುವಾಗ ಬಟ್ಟಲು ಮಾತ್ರ ಇತ್ತು. ಗೋಡೆಯ ಚೀಟಿ ಇರಲಿಲ್ಲ.

ಫೋನು ಬಂದು ನಾನು ಧೂಳಿನಲ್ಲಿ ತಡಕಾಡಿಕೊಂಡು ಅಲ್ಲಿ ಮುಟ್ಟುವಾಗ ಅಪ್ಪಿ ಮೇಡಮ್ಮಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಾಸಿಗೆಯಿಂದ ಎರಡು ಬೊಗಸೆ ಮಣ್ಣನ್ನು ನಾನೇ ಬಳಿದು ತೆಗೆದದ್ದು. ಆಸ್ಪತ್ರೆಯಲ್ಲಿ ಧೂಳು ಎದೆಗೆ ಇಳಿದಿದೆ ಅಂದರು. ಆದರೆ ಅದು ಕಪ್ಪು ಮಣ್ಣು ಝಹೀರಾ, ಗದ್ದೆಯ ಮಣ್ಣು. ಈ ದೇಶದಲ್ಲಿ ಅಂಥ ಮಣ್ಣು ಎಲ್ಲುಂಟು?

ಮೇಡಂ ಬದುಕಿದರು. ಒಂದೂವರೆ ತಿಂಗಳಿಗೆ ಊರಿಗೆ ಹೊರಟರು. ಹೊರಡುವ ದಿನ ಅಪ್ಪಿಯನ್ನು ತಬ್ಬಿಕೊಂಡು, ತಾಯಿಯ ಕಲ್ಲಿನ ಮೇಲಿನ ಹೆಸರು ತೆಗೆಸುತ್ತೇನೆ, ಅಲ್ಲಿ ಏನು ಬರೆಸಲಿ ಅಂತ ಕೇಳಿದರು. ಖಾಲಿ ಬಿಟ್ಟಿದ್ದಾರೆ ಅಂತ ಕಾಣುತ್ತದೆ.

ಏರ್‌ಪೋರ್ಟಿನಿಂದ ವಾಪಸು ಬಂದು ಅಪ್ಪಿ ಮಂಗಾಫಿನ ನಮ್ಮ ಕೋಣೆಯ ಮೆಟ್ಟಿಲಿನಲ್ಲಿ ನಿಂತು ಹೇಳಿದಳು: "ಹುಡುಗಿಯನ್ನು ಹೆಸರು ಹಿಡಿದು ಕಳಿಸಿದೆ. ಆದರೆ ಆ ತಾಯಿಗೆ ಸಾಲ ತಂದದ್ದಾದರೂ ಒಂದು ಹೆಸರಿತ್ತು, ಅದನ್ನು ನಾನೇ ಕಿತ್ತುಕೊಂಡೆನಲ್ಲ. ಇನ್ನು ಅವಳನ್ನು ಬಾ ಅಂತ ಕರೆಯುವುದು ಹೇಗೆ, ಹೋಗು ಅಂತ ಕಳಿಸುವುದು ಹೇಗೆ? ನನ್ನ ಹಿಂದೆ ಬಂದರೆ ಎಂತ ಮಾಡುವುದು?"

ಮೋನಪ್ಪನವರು ಇಲ್ಲಿ ನಿಲ್ಲಿಸಿದರು. ಮಳೆ ಬಿಟ್ಟಿತ್ತು. ಕೆಳಗೆ ರಸ್ತೆಯಲ್ಲಿ ನೀರು ಎತ್ತುವ ಪಂಪಿನ ಸದ್ದು ಮಾತ್ರ ಕೇಳುತ್ತಿತ್ತು.

"ಬಂದಳಾ ಮಾವ?" ಎಂದು ಲತೀಶನೇ ಕೇಳಿದ.

"ಕೆಟ್ಟದ್ದು ಏನೂ ಮಾಡುವುದಿಲ್ಲ ಪಾಪ. ಬದುಕಿಡೀ ಮನೆಗೆಲಸ ಮಾಡಿದ ಹೆಂಗಸು. ಅಪ್ಪಿ ಬೆಳಿಗ್ಗೆ ಏಳುವಾಗ ಪಾತ್ರೆ ತೊಳೆದು ಕವುಚಿ ಇಟ್ಟಿರುತ್ತಿತ್ತು. ಒಂದು ವರ್ಷ ತಡೆದಳು ಅಪ್ಪಿ. ಆಮೇಲೆ, ಅವಳ ಎದುರು ತಲೆ ಎತ್ತಿ ನಡೆಯಲಿಕ್ಕೆ ನನಗಾಗುವುದಿಲ್ಲ ಅಂತ ಹೇಳಿ ಊರಿಗೆ ಹೋದಳು. ಈಗ ಕೋಣೆಯಲ್ಲಿ ನಾನೊಬ್ಬನೇ. ನನಗೆ ಸೂಜಿಗೆ ನೂಲು ಪೋಣಿಸಲಿಕ್ಕೆ ಕಣ್ಣು ಕಾಣುವುದಿಲ್ಲ. ಆದರೆ ಈ ಅಂಗಿಯ ಗುಂಡಿ ನೋಡಿ, ಎಷ್ಟು ಚಂದ ಹೊಲಿದಿದೆ."

ಅವರು ಮೊಣಕಾಲು ಹಿಡಿದುಕೊಂಡು ಮೆಲ್ಲನೆ ಎದ್ದರು, ಚಪ್ಪಲಿ ಹುಡುಕಿ ಹಾಕಿಕೊಂಡರು, ಆಮೇಲೆ ಶರಣ್ಯಾಳ ಕಡೆ ತಿರುಗಿದರು.

"ಮಧ್ಯಾಹ್ನ ನಾನು ಒಳಗೆ ಬಂದ ಮೇಲೆಯೂ ನೀನು ಸ್ವಲ್ಪ ಹೊತ್ತು ಬಾಗಿಲು ಹಿಡಿದುಕೊಂಡೇ ನಿಂತಿದ್ದೆ, ಮಗಾ. ನನ್ನ ಹಿಂದೆ ಯಾರು ಒಳಗೆ ಬರಲಿ ಅಂತ ನಿಂತದ್ದು, ನಾನು ಕೇಳಲಿಲ್ಲ."